ಆಯ್ದ ಭತ್ತ ಮರುವರ್ಷ ಕೈಕೊಟ್ಟರೆ: ದೋಷ ತಳಿಯದ್ದೋ, ಗದ್ದೆಯದ್ದೋ?

ಕುಮಟಾ, ಅಂಕೋಲಾ, ಶಿರಸಿ ಕಡೆ ಬೀಜ ಆರಿಸಿ ಇಟ್ಟುಕೊಳ್ಳುವವರ ಹತ್ತಿರ ಒಂದು ದೂರು ಮತ್ತೆ ಮತ್ತೆ ಕೇಳಿಬರುತ್ತದೆ. "ಹೋದ ವರ್ಷ ಎದ್ದು ಕಾಣೋ ತೆನೆ ಆರಿಸಿಟ್ಟಿದ್ದೆ. ಈ ವರ್ಷ ಬಿತ್ತಿದರೆ ಮಾಮೂಲಿ ಭತ್ತವೇ ಬಂತು." ಮತ್ತೊಬ್ಬರದ್ದು ಬೇರೆ ಗೋಳು. ಕರಾವಳಿಯಲ್ಲಿ ಭರ್ಜರಿಯಾಗಿದ್ದ ತಳಿ ದೇವಿಮನೆ ಘಟ್ಟ ಹತ್ತಿಸಿದ ಮೇಲೆ ತೆನೆಯೇ ತುಂಬಲಿಲ್ಲ. ಎರಡಕ್ಕೂ ಜನ ಕೊಡುವ ಕಾರಣ ಒಂದೇ: ತಳಿ ಕೆಟ್ಟಿತು.

ತಳಿ ಒಂದೇ ವರ್ಷದಲ್ಲಿ ಹಾಗೆಲ್ಲ ಕೆಡುವುದಿಲ್ಲ. ಭತ್ತ ತನ್ನ ಹೂವಿನ ಪರಾಗದಿಂದಲೇ ಕಾಳು ಕಟ್ಟುವ ಬೆಳೆ. ಸಹಜವಾಗಿ ಅಡ್ಡತಳಿಯಾಗುವುದು ಸಾಮಾನ್ಯವಾಗಿ ನೂರಕ್ಕೆ ಒಂದಕ್ಕಿಂತ ಕಡಿಮೆ. ಹಾಗಾಗಿ ಮೊದಲ ಅನುಮಾನ ಬರಬೇಕಾದದ್ದು ನಾವು ಆರಿಸಿದ ಜಾಗದ ಮೇಲೆ. ನಾವು ಗಿಡ ಆರಿಸಿದ್ದೇವೆ ಅಂದುಕೊಂಡಿರುತ್ತೇವೆ. ಎಷ್ಟೋ ಸಲ ಆರಿಸಿರುವುದು ಗಿಡದ ಬುಡದ ಮಣ್ಣನ್ನು, ಆ ವರ್ಷದ ಮಳೆಯನ್ನು, ಇಲ್ಲಾ ಗದ್ದೆಗೆ ನೀರು ಬಿಡುವ ಗೇಟಿನ ಬದಿಯ ನೀರನ್ನು. ಯಾವುದು ಅಂತ ಪತ್ತೆ ಹಚ್ಚುವುದು ಹೇಗೆ ಅನ್ನುವುದಕ್ಕೆ ಈ ಬರಹ. ಸ್ವಂತ ಬೀಜ ಮಾಡಿಕೊಳ್ಳುವ ರೈತರಿಗೂ, ತಳಿ ಸಾಲುಗಳನ್ನು (ಆರಿಸಿದ ಒಂದೊಂದು ಗಿಡದ ಸಂತತಿಯನ್ನು) ನೋಡಿಕೊಳ್ಳುವ ಕೃಷಿ ವಿದ್ಯಾರ್ಥಿಗಳಿಗೂ ಬಳಕೆಯಾದೀತು.

ಮೊದಲು ದೂರು ಏನು ಅಂತ ಬಿಡಿಸಿಕೊಳ್ಳಿ

"ಸರಿ ಬರಲಿಲ್ಲ" ಅನ್ನುವುದರಲ್ಲಿ ಮೂರು ಬೇರೆ ಬೇರೆ ದೋಷಗಳಿವೆ. ಆರಿಸಿದ ಬೀಜದ ಬೆಳೆ ಆರಿಸದ ಬೀಜದ ಬೆಳೆಯಷ್ಟೇ ಬಂತು ಅನ್ನುವುದು ಒಂದು. ಇಲ್ಲಿ ಚೆನ್ನಾಗಿದೆ, ಬೇರೆ ಕಡೆ ಚೆನ್ನಾಗಿಲ್ಲ ಅನ್ನುವುದು ಇನ್ನೊಂದು. ಒಂದೇ ತೆನೆಯ ಬೀಜದಿಂದ ಎತ್ತರ, ಗಿಡ್ಡ, ಬೇಗ, ತಡ ಎಲ್ಲಾ ಥರದ ಗಿಡ ಬಂದವು ಅನ್ನುವುದು ಮೂರನೆಯದು. ಮೂರಕ್ಕೂ ಔಷಧಿ ಬೇರೆ.

ಬೇರ್ಪಡಿಸಲು ಒಂದು ಸುಲಭ ಪರೀಕ್ಷೆ ಇದೆ. ಅದಕ್ಕೆ ಹೋದ ವರ್ಷದ ಮೂರು ಬೀಜ ಬೇಕು. ನೀವು ಆರಿಸಿದ್ದು, ಅದೇ ಗದ್ದೆಯಿಂದ ಆರಿಸದೆ ಸುಮ್ನೆ ಒಟ್ಟಿಗೆ ತೆಗೆದದ್ದು, ಮತ್ತೆ ಊರಲ್ಲಿ ಎಲ್ಲರೂ ಬೆಳೆಯುವ ಒಂದು ಪರಿಚಿತ ತಳಿ. ಮೂರನ್ನೂ ಒಂದೇ ದಿನ ಅಗೆ (ನಾಟಿಯ ಸಸಿ) ಹಾಕಿ, ಒಂದೇ ದಿನ ನೆಟ್ಟು, ಅಕ್ಕಪಕ್ಕ ಬೆಳೆಯಬೇಕು. ಗದ್ದೆಯ ಒಂದೇ ಕಡೆ ಮಾಡಿದರೆ ಸಾಲದು, ಕನಿಷ್ಠ ಮೂರು ಕಡೆ ಬೇಕು. ಪ್ರತಿ ಕಡೆಯೂ ಮೂರು ಬೀಜದ ಜಾಗ ಅದಲು ಬದಲಾಗಿರಲಿ. ಇಲ್ಲದಿದ್ದರೆ ಫಲವತ್ತಾದ ಮೂಲೆ ಯಾವಾಗಲೂ ಒಂದೇ ಚೀಲಕ್ಕೆ ಸಿಗುತ್ತದೆ.

ಇದರ ಲೆಕ್ಕ ಕಷ್ಟವೇನಲ್ಲ. ಉದಾಹರಣೆಗೆ, ಹೋದ ವರ್ಷ ಗದ್ದೆಯಲ್ಲಿ ಸರಾಸರಿ ಒಂದು ಬುಡಕ್ಕೆ, ಅಂದರೆ ಒಂದು ಕಡೆ ನೆಟ್ಟ ಗುಚ್ಛಕ್ಕೆ, 20 ಗ್ರಾಂ ಕಾಳಿತ್ತು, ನೀವು ಆರಿಸಿದ ಬುಡಗಳ ಸರಾಸರಿ 30 ಗ್ರಾಂ ಇತ್ತು ಅಂತ ಇಟ್ಟುಕೊಳ್ಳಿ. ಅಂದರೆ ನೀವು 10 ಗ್ರಾಂ ಮುಂದೆ ಹೋಗಿ ಆರಿಸಿದ್ದೀರಿ. ಈ ವರ್ಷ ಆರಿಸಿದ ಬೀಜದ ಬೆಳೆ ಆರಿಸದ್ದಕ್ಕಿಂತ 1 ಗ್ರಾಂ ಮಾತ್ರ ಜಾಸ್ತಿ ಕೊಟ್ಟಿತು. ಹತ್ತರಲ್ಲಿ ಒಂದು ಪಾಲು ಬೀಜದ ಜೊತೆ ಬಂತು, ಒಂಬತ್ತು ಪಾಲು ಗದ್ದೆಯಲ್ಲೇ ಉಳಿಯಿತು. ತಳಿ ವಿಜ್ಞಾನಿಗಳು ಅನುವಂಶಿಕತೆ ಅಂತ ಕರೆಯುವುದು ಈ ಹತ್ತನೇ ಒಂದನ್ನೇ. ಅದು ತಳಿಯ ಹಣೆಯಲ್ಲಿ ಬರೆದ ಅಂಕಿಯಲ್ಲ. ಗದ್ದೆ ಎಷ್ಟು ಏರುಪೇರಾಗಿದೆಯೋ ಅಷ್ಟು ಕಡಿಮೆಯಾಗುತ್ತದೆ. ಅದೇ ಬೀಜವನ್ನು ಸಮನಾದ ಗದ್ದೆಯಲ್ಲಿ ಆರಿಸಿದ್ದರೆ ಆ ಪಾಲು ದೊಡ್ಡದಿರುತ್ತಿತ್ತು. ಗುಣದಿಂದ ಗುಣಕ್ಕೂ ಬದಲಾಗುತ್ತದೆ. ಹೂ ಬರುವ ದಿನ, ಎತ್ತರ, ಕಾಳಿನ ಆಕಾರ ಇವೆಲ್ಲ ಬೀಜದ ಜೊತೆ ಚೆನ್ನಾಗಿ ಬರುತ್ತವೆ. ಇಳುವರಿ, ತೆಂಡೆಗಳ (ಬುಡದಿಂದ ಒಡೆಯುವ ಕವಲುಗಳ) ಸಂಖ್ಯೆ ಅಷ್ಟಾಗಿ ಬರುವುದಿಲ್ಲ.

ಗದ್ದೆಯಲ್ಲಿರುವುದೆಲ್ಲ ಒಂದೇ ಶುದ್ಧ ತಳಿಯಾದರೆ ಈ ಪಾಲು ಸೊನ್ನೆಯೇ. ಡೆನ್ಮಾರ್ಕಿನ ಜೊಹಾನ್ಸೆನ್ 1903ರಲ್ಲಿ ಹುರುಳಿಕಾಯಿ ಬೀಜದಲ್ಲಿ ಇದನ್ನು ತೋರಿಸಿದರು. ಒಂದೇ ಶುದ್ಧ ಸಾಲಿನಲ್ಲಿ ದಪ್ಪ ಬೀಜ ಆರಿಸಿ ಬಿತ್ತಿದರೂ, ಸಣ್ಣ ಬೀಜ ಆರಿಸಿ ಬಿತ್ತಿದರೂ ಮಕ್ಕಳ ಸರಾಸರಿ ಒಂದೇ ಬಂತು. ಹಾಗಾಗಿ ಅಂಗಡಿಯಿಂದ ತಂದ ಪ್ರಮಾಣಿತ ಬೀಜದ ಗದ್ದೆಯಲ್ಲಿ ಉದ್ದ ತೆನೆ ಹುಡುಕುತ್ತಾ ನಿಂತರೆ ಕಾಲು ನೋಯುತ್ತದೆ ಅಷ್ಟೇ. ಬೆರಕೆ ಗಿಡ ಕಿತ್ತು ಶುದ್ಧವಾಗಿ ಇಟ್ಟುಕೊಳ್ಳಲು ಆರಿಸುವುದು ಬೇರೆ ಮಾತು, ಅದು ಬೇಕು.

ಬದುವಿನ ಬುಡದ ಗಿಡ

ಎಲ್ಲಕ್ಕಿಂತ ಹೆಚ್ಚು ಕಾಣುವ ದೋಷ ಇದು. ಆರಿಸಿದವರನ್ನು ಕೇಳಿ ನೋಡಿ.

"ಗೌಡ್ರೇ, ಈ ತೆನೆ ಎಲ್ಲಿ ಕೊಯ್ದದ್ದು?"

"ಅಲ್ಲೇ, ಒಡ್ಡಿನ ಬುಡಕ್ಕೆ. ಒಳಗೆ ಯಾರು ಇಳೀತಾರೆ ಮಾರಾಯ್ರೆ, ಮೊಣಕಾಲ ತನಕ ಕೆಸರು."

ಅಂಚಿನ ಗಿಡಕ್ಕೆ ಒಂದು ಬದಿಯಲ್ಲಿ ಪೈಪೋಟಿಯೇ ಇಲ್ಲ. ಬಿಸಿಲು ಜಾಸ್ತಿ, ಬೇರಿಗೆ ಜಾಗ ಜಾಸ್ತಿ, ಬದುವಿನಿಂದ ತೊಳೆದು ಬರುವ ಗೊಬ್ಬರವೂ ಅದಕ್ಕೇ. ಮಳೆಗಾಲದಲ್ಲಿ ವಾರಗಟ್ಟಲೆ ಮೋಡ ಕವಿಯುವ ನಮ್ಮ ಕರಾವಳಿಯಲ್ಲಿ ಅಂಚಿಗೆ ಸಿಗುವ ಹೆಚ್ಚುವರಿ ಬೆಳಕು ಸಣ್ಣ ಮಾತಲ್ಲ. ಅಗೆ ಸತ್ತು ಖಾಲಿ ಬಿದ್ದ ಜಾಗದ ಸುತ್ತಲಿನ ಗಿಡಗಳಿಗೂ ಇದೇ ಲಾಭ. ಕೊಟ್ಟಿಗೆ ಕಡೆಯಿಂದ ನೀರು ಇಳಿಯುವ ಮೂಲೆ, ತೋಟದ ಬಸಿಗಾಲುವೆ ಬಂದು ಸೇರುವ ಜಾಗ, ಹಿಂದಿನ ವರ್ಷ ಹುಲ್ಲು ಸುಟ್ಟ ಜಾಗ ಇವೂ ಹಾಗೆಯೇ.

ಪತ್ತೆ ಹೇಗೆ? ಆರಿಸಿದ ಬುಡದ ನಾಲ್ಕು ಪಕ್ಕದ ಬುಡಗಳನ್ನು ನೋಡಿ. ಅವೂ ಹೆಚ್ಚು ಕಡಿಮೆ ಅಷ್ಟೇ ಚೆನ್ನಾಗಿದ್ದರೆ ಅದು ಜಾಗದ ಗುಣ. ಪಕ್ಕದವೆಲ್ಲ ಸಾಧಾರಣವಿದ್ದು ಇದೊಂದೇ ಮೇಲೆದ್ದಿದ್ದರೆ ಆಗ ಗಿಡದ ಮೇಲೆ ಭರವಸೆ ಇಡಬಹುದು.

ಸರಿಪಡಿಸಲು ಅಂಚಿನ ಎರಡು ಮೂರು ಸಾಲು ಬಿಟ್ಟುಬಿಡಿ. ಒಳಗಿನ ಗದ್ದೆಯನ್ನು ಮನಸ್ಸಿನಲ್ಲೇ ಚೌಕಗಳಾಗಿ ಮಾಡಿಕೊಳ್ಳಿ, ಬೇಕಾದರೆ ಕೋಲು ನೆಡಿ. ಪ್ರತಿ ಚೌಕದಿಂದಲೂ ಅಲ್ಲಿನ ಒಳ್ಳೆಯ ಒಂದೆರಡು ಬುಡ ಮಾತ್ರ ತೆಗೆಯಿರಿ. ಫಲವತ್ತಾದ ಚೌಕದ ಐದನೇ ಗಿಡ ಬಡ ಚೌಕದ ಮೊದಲ ಗಿಡಕ್ಕಿಂತ ದಪ್ಪ ಇರುತ್ತದೆ. ಆದರೂ ಅದನ್ನು ಬಿಡಿ, ಬಡ ಚೌಕದ ಮೊದಲನೆಯದನ್ನು ತೆಗೆದುಕೊಳ್ಳಿ. ಅಮೆರಿಕದ ಗಾರ್ಡ್ನರ್ 1961ರಲ್ಲಿ ಮೆಕ್ಕೆಜೋಳದಲ್ಲಿ ಈ ಚೌಕದ ಪದ್ಧತಿಯಿಂದ ಆಯ್ಕೆ ಫಲ ಕೊಡುತ್ತದೆ ಅಂತ ತೋರಿಸಿದರು. ಖರ್ಚು ಏನೂ ಇಲ್ಲ. ಕೆಸರಿಗೆ ಇಳಿಯಬೇಕು, ಅಷ್ಟೇ.

ಗಜನಿ: ಉಪ್ಪು ಯಾವಾಗ ಇತ್ತು, ಎಲ್ಲಿ ಇತ್ತು

ಅಘನಾಶಿನಿ, ಗಂಗಾವಳಿ, ಕಾಳಿ, ಶರಾವತಿ ಇವುಗಳ ಅಳಿವೆಯ ಗಜನಿ ಗದ್ದೆಗಳಲ್ಲಿ, ಅಂದರೆ ಸಮುದ್ರದ ಉಪ್ಪುನೀರು ಬರುವ ಗದ್ದೆಗಳಲ್ಲಿ, ಆಯ್ಕೆ ಮಾಡುವುದು ನಿಜಕ್ಕೂ ಕಠಿಣ. ಕುಮಟಾದ ಮಾಣಿಕಟ್ಟಾ ಸುತ್ತ ಉಪ್ಪು ತಾಳುವ ಕಗ್ಗ ಭತ್ತ ತಲೆಮಾರುಗಳಿಂದ ಉಳಿದದ್ದು ಅಲ್ಲಿನ ಉಪ್ಪು ಮತ್ತು ನೆರೆ ಎರಡೂ ಸೇರಿ ಅದನ್ನು ಆರಿಸಿದ್ದರಿಂದ. ರೈತರು ಆಮೇಲೆ ಆರಿಸಿದರು. ಅಂಥ ಗದ್ದೆಯಲ್ಲಿ ಹೊಸ ಸಾಲು ಒಂದು ವರ್ಷ ಚೆನ್ನಾಗಿ ಬಂದು ಮರುವರ್ಷ ಸುಟ್ಟು ಹೋದರೆ ಈ ಪ್ರಶ್ನೆಗಳನ್ನು ಕೇಳಿಕೊಳ್ಳಿ.

ಮೊದಲನೆಯದು, ಆ ಒಳ್ಳೆಯ ವರ್ಷ ಉಪ್ಪು ಇತ್ತಾ? ಜೂನ್‌ನಲ್ಲಿ ಮಳೆ ಒಂದೇ ಸಮ ಹೊಯ್ದು, ಒಡ್ಡು ಗಟ್ಟಿಯಿದ್ದು, ಗೇಟು ಸೋರದಿದ್ದರೆ ಗಜನಿಯೂ ಸಿಹಿನೀರಿನ ಗದ್ದೆಯೇ. ಅಲ್ಲಿ ಆರಿಸಿದ್ದು ಉಪ್ಪು ತಾಳುವ ತಳಿ ಅನ್ನಲು ಏನೂ ಆಧಾರವಿಲ್ಲ. ಭತ್ತಕ್ಕೆ ಮಣ್ಣಿನ ಉಪ್ಪಿನ ಅಳತೆ ಮೀಟರಿಗೆ ಸುಮಾರು 3 ಡೆಸಿಸೀಮನ್ಸ್ ದಾಟಿದ ಮೇಲೆ ಇಳುವರಿ ಬೀಳಲು ಶುರು. ಅಲ್ಲಿಂದ ಮುಂದೆ ಒಂದೊಂದು ಡೆಸಿಸೀಮನ್ಸ್‌ಗೂ ಸರಾಸರಿ ನೂರಕ್ಕೆ 12ರಷ್ಟು ಕಡಿಮೆಯಾಗುತ್ತದೆ ಅನ್ನುವುದು ಮಾಸ್ ಮತ್ತು ಹಾಫ್‌ಮನ್ 1977ರಲ್ಲಿ ಕೊಟ್ಟ ಲೆಕ್ಕ. ಸಮುದ್ರದ ನೀರು 50ರ ಆಸುಪಾಸು ಇರುತ್ತದೆ. ಗೇಟಿನಿಂದ ಸ್ವಲ್ಪ ಸೋರಿದರೂ ಏನಾಗುತ್ತದೆ ಅಂತ ಇದರಿಂದಲೇ ತಿಳಿಯುತ್ತದೆ ಅಲ್ವಾ. ನೀರಿನ ಉಪ್ಪು ಅಳೆಯುವ, ಕೈಯಲ್ಲಿ ಹಿಡಿಯುವ ಇಸಿ ಮೀಟರ್ ಒಂದು ಇದ್ದರೆ ಗದ್ದೆ ನೀರನ್ನು ವಾರಕ್ಕೊಮ್ಮೆ ಅಳೆದು ಬರೆದಿಡಿ. ನೀರಿನ ಅಳತೆಯೂ ಮಣ್ಣಿನ ಅಳತೆಯೂ ಒಂದೇ ಅಲ್ಲ, ಆದರೂ ಏರಿತೋ ಇಳಿಯಿತೋ ಅನ್ನುವುದು ಗೊತ್ತಾಗುತ್ತದೆ.

ಮೀಟರ್ ಇಲ್ಲದಿದ್ದರೆ ಅದಕ್ಕಿಂತ ಒಳ್ಳೆಯ ಉಪಾಯವಿದೆ. ಉಪ್ಪು ತಾಳದ ತಳಿಯನ್ನೇ ನಡುನಡುವೆ ಒಂದೊಂದು ಸಾಲು ನೆಡಿ. ಪ್ರಯೋಗಶಾಲೆಯಲ್ಲಿ ಐಆರ್ 29 ಅನ್ನುವ ತಳಿಯನ್ನು ಸಾಯಲೆಂದೇ ಹಾಕುತ್ತಾರೆ, ಉಪ್ಪು ತಾಳುವ ಕೇರಳದ ಪೊಕ್ಕಾಳಿಯನ್ನು ಉಳಿಯಲೆಂದು ಹಾಕುತ್ತಾರೆ. ನಮಗೆ ಅದೇ ಬೇಕೆಂದಿಲ್ಲ. ಊರಲ್ಲಿ ಸಿಹಿನೀರಿನ ಬಯಲಿಗೆ ಹಾಕುವ ಯಾವುದಾದರೂ ತಳಿ ಸಾಕು, ಪಕ್ಕದಲ್ಲಿ ಕಗ್ಗ ಒಂದು ಸಾಲು. ಬಯಲಿನ ತಳಿ ಹಸಿರಾಗಿ ನಿಂತು ತೆನೆ ತುಂಬಿಕೊಂಡರೆ ಆ ವರ್ಷ ಪರೀಕ್ಷೆಯೇ ನಡೆದಿಲ್ಲ. ಆ ವರ್ಷದ ಆಯ್ಕೆಯನ್ನು ಉಪ್ಪಿನ ಹೆಸರಲ್ಲಿ ಮುಂದಕ್ಕೆ ಒಯ್ಯಬೇಡಿ. ಸಾಯಬೇಕಾದ್ದು ಸಾಯದ ಗದ್ದೆಯಲ್ಲಿ ಬದುಕಿದ್ದಕ್ಕೆ ಬೆಲೆಯಿಲ್ಲ. ನನ್ನ ಮಟ್ಟಿಗೆ ಈ ಇಡೀ ಬರಹದಲ್ಲಿ ಒಂದೇ ಕೆಲಸ ಮಾಡುವಷ್ಟು ಪುರುಸೊತ್ತು ಇರುವವರು ಇದೊಂದನ್ನು ಮಾಡಿದರೆ ಸಾಕು.

ಎರಡನೆಯದು, ಉಪ್ಪು ಬೆಳೆಯ ಯಾವ ಹಂತದಲ್ಲಿ ಬಂತು? ಭತ್ತ ಮೊಳಕೆಯೊಡೆಯುವಾಗ ಉಪ್ಪನ್ನು ತಕ್ಕಮಟ್ಟಿಗೆ ತಾಳುತ್ತದೆ. ಎರಡು ಮೂರು ಎಲೆಯ ಅಗೆಯಾಗಿದ್ದಾಗ ತೀರಾ ನಾಜೂಕು. ತೆಂಡೆ ಒಡೆಯುವಾಗ ಮತ್ತೆ ಸ್ವಲ್ಪ ಗಟ್ಟಿ. ಹೊಡೆ ತುಂಬಿ ಹೂ ಬರುವಾಗ ಮತ್ತೆ ನಾಜೂಕು. ಅಗೆ ಹಂತದ ತಾಳಿಕೆಗೂ ಹೂವಿನ ಹಂತದ ತಾಳಿಕೆಗೂ ಸಂಬಂಧ ಇದ್ದೇ ಇರಬೇಕೆಂದಿಲ್ಲ. ಪೊಕ್ಕಾಳಿಯಿಂದ ಬಂದ ಸಾಲ್ಟೋಲ್ ಅನ್ನುವ ವಂಶವಾಹಿ ಭಾಗ ಒಂದನೇ ವರ್ಣತಂತುವಿನ ಮೇಲಿದೆ, ಅದು ಮುಖ್ಯವಾಗಿ ಕಾಯುವುದು ಅಗೆ ಹಂತವನ್ನು. ಹಾಗಾಗಿ "ಸಾಲ್ಟೋಲ್ ಇದೆ" ಅನ್ನುವ ಸಾಲು ಜುಲೈಯಲ್ಲಿ ಚೆಂದ ನಿಂತು, ಮಳೆ ಬೇಗ ಹಿಂದೆ ಸರಿದ ವರ್ಷ ಸೆಪ್ಟೆಂಬರ್ ಕೊನೆಗೆ ಜೊಳ್ಳಾದರೆ ಆಶ್ಚರ್ಯವಿಲ್ಲ. ಟ್ರೇಯಲ್ಲಿ ಅಗೆ ಬೆಳೆಸಿ ಉಪ್ಪುನೀರು ಹಾಕಿ ಆರಿಸಿದ್ದರೆ ಅರ್ಧ ಪರೀಕ್ಷೆ ಮಾತ್ರ ಮುಗಿದಿದೆ.

ಇಲ್ಲಿ ಒಂದು ಗೊಂದಲ ಆಗುತ್ತದೆ. ತೆನೆ ಬೆಳ್ಳಗಾಗಿದ್ದಕ್ಕೆಲ್ಲ ಉಪ್ಪು ಕಾರಣ ಅಂತ ಬರೆದುಬಿಡುತ್ತಾರೆ. ತೆನೆಯನ್ನು ಹಿಡಿದು ಮೆಲ್ಲಗೆ ಎಳೆದು ನೋಡಿ. ಸಲೀಸಾಗಿ ಕಿತ್ತು ಬಂದು, ಬುಡ ಕಡಿದಂತಿದ್ದರೆ ಅದು ಕಾಂಡಕೊರಕ ಹುಳು. ಕೀಳದಿದ್ದರೆ ತೆನೆಯ ಕುತ್ತಿಗೆ ನೋಡಿ. ಅಲ್ಲಿ ಕಪ್ಪು ಕಂದು ಪಟ್ಟಿ ಇದ್ದು ತೆನೆ ಮುರಿದು ಜೋತುಬಿದ್ದಿದ್ದರೆ ಕುತ್ತಿಗೆ ಬೆಂಕಿ ರೋಗ. ಎರಡೂ ಇಲ್ಲ, ತೆನೆ ಗಟ್ಟಿಯಾಗಿ ನಿಂತಿದೆ, ತುದಿಯ ಕಾಳುಗಳು ಬಿಳಿಚಿವೆ, ಕೆಳಗೆ ಅಲ್ಲೊಂದು ಇಲ್ಲೊಂದು ಕಾಳು ತುಂಬಿದೆ ಅಂದರೆ ಆಗ ಉಪ್ಪು, ನೀರಿನ ಕೊರತೆ ಅಥವಾ ಹೂವಿನ ಹೊತ್ತಿನ ಬಿಸಿಲಿನ ಕಡೆ ನೋಡಬೇಕು. ಕಾಂಡಕೊರಕ ಬಿದ್ದ ಸಾಲನ್ನು ಉಪ್ಪಿಗೆ ಸೋತದ್ದು ಅಂತ ಬಿಸಾಡಿದರೆ ನಷ್ಟ ಯಾರಿಗೆ?

ಮೂರನೆಯದು, ಗದ್ದೆಯೊಳಗೆ ಉಪ್ಪು ಎಲ್ಲಿತ್ತು? ನೀರು ನಿಂತಿರುವ ತನಕ ಹೆಚ್ಚು ಕಡಿಮೆ ಸಮನಾಗಿರುತ್ತದೆ. ನೀರು ಇಳಿದು ಮಣ್ಣು ಒಣಗತೊಡಗಿದರೆ ಉಬ್ಬಿನ ಮೇಲೆ ಉಪ್ಪು ಏರಿ ಬಿಳಿ ಹುಡಿಯಾಗಿ ಕೂರುತ್ತದೆ. ಗೇಟಿನ ಹತ್ತಿರ ಒಂದು ಥರ, ಗುಡ್ಡದ ಒರತೆ ಇಳಿಯುವ ಬದಿ ಇನ್ನೊಂದು ಥರ. ಒರತೆ ಬದಿಯಲ್ಲಿ ಉಳಿದ ಗಿಡ ಉಪ್ಪನ್ನು ತಾಳಿದ್ದಲ್ಲ, ಉಪ್ಪಿನಿಂದ ತಪ್ಪಿಸಿಕೊಂಡದ್ದು. ಇದಕ್ಕೂ ಉತ್ತರ ನಡುನಡುವೆ ನೆಟ್ಟ ಬಯಲಿನ ತಳಿಯೇ. ಆರಿಸಿದ ಗಿಡದ ಹತ್ತಿರದ ಬಯಲು ತಳಿ ಸತ್ತಿದೆಯಾ ಬದುಕಿದೆಯಾ ನೋಡಿದರೆ ಆಯಿತು.

ಅಳಿವೆಯಿಂದ ಅಳಿವೆಗೂ ಲೆಕ್ಕ ಒಂದೇ ಅಂತ ಊಹಿಸಬೇಡಿ. ಕಾರವಾರದ ಕಾಳಿಗೆ ಸೂಪಾದಿಂದ ಕದ್ರಾವರೆಗೆ ಅಣೆಕಟ್ಟುಗಳಿವೆ, ಅಲ್ಲಿನ ನೀರಿನ ಹರಿವು ಮಳೆಯೊಂದನ್ನೇ ನಂಬಿಲ್ಲ. ಕುಮಟಾದ ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಕಾರವಾರದಲ್ಲಿ ಆರಿಸಿದ್ದನ್ನು ಕುಮಟಾದಲ್ಲಿ, ಕುಮಟಾದ್ದನ್ನು ಕಾರವಾರದಲ್ಲಿ ಒಂದು ಮಳೆಗಾಲ ನೋಡಿದ ಮೇಲೆಯೇ ಮಾತಾಡಿ.

ನೆರೆ ನೀರು: ಮುಳುಗಿದ್ದೋ, ನಿಂತದ್ದೋ

ನೆರೆ ಬಂದು ಹತ್ತು ದಿನದಲ್ಲಿ ಇಳಿದು ಹೋಗುವ ಗದ್ದೆಗೂ, ತಿಂಗಳುಗಟ್ಟಲೆ ಮೊಣಕಾಲುದ್ದ ನೀರು ನಿಲ್ಲುವ ಗದ್ದೆಗೂ ಬೇಕಾದ ಗುಣ ಒಂದಕ್ಕೊಂದು ವಿರುದ್ಧ. ಒಡಿಶಾದ ಎಫ್‌ಆರ್ 13ಎ ತಳಿಯಿಂದ ಬಂದ ಸಬ್ 1 ಗುಣ ಇರುವ ಗಿಡ ಪೂರ್ತಿ ಮುಳುಗಿದಾಗ ಬೆಳೆಯುವುದನ್ನೇ ನಿಲ್ಲಿಸಿ, ಸಕ್ಕರೆ ಉಳಿಸಿಕೊಂಡು, ಎರಡು ವಾರದಷ್ಟು ಕಾಯುತ್ತದೆ. ಈ ಗುಣ ಸೇರಿಸಿದ ಸ್ವರ್ಣ ಸಬ್ 1 ತಳಿ ಮಾಡುವುದು ಇದನ್ನೇ. ನಿಂತ ನೀರಿನಲ್ಲಿ ಈ ಕಾಯುವ ಬುದ್ಧಿ ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿ ಕಗ್ಗದ ಹಾಗೆ ಉದ್ದ ಬೆಳೆದು ತಲೆ ಮೇಲಿಟ್ಟುಕೊಳ್ಳಬೇಕು. ನೆರೆ ಗದ್ದೆಯಲ್ಲಿ ಆರಿಸಿದ್ದು ಗಜನಿಯಲ್ಲಿ ಕೊಳೆತರೆ ಮೊದಲು ನೀರು ಎಷ್ಟು ದಿನ, ಎಷ್ಟು ಆಳ ನಿಂತಿತ್ತು ಅಂತ ಬರೆದುಕೊಳ್ಳಿ. ಉದ್ದದ ಗಿಡ ಬಾಗಿ ನೆಲಕ್ಕೆ ಮಲಗುತ್ತದೆ ಅಂತ ಗಜನಿಯಲ್ಲಿ ಗಿಡ್ಡ ಗಿಡಗಳನ್ನೇ ಆರಿಸುತ್ತಾ ಹೋದವರಿಗೂ ಇದೇ ಮಾತು.

ಘಟ್ಟ ಹತ್ತಿದ ಮೇಲೆ

ಕುಮಟಾದಿಂದ ಶಿರಸಿಗೆ ಅರವತ್ತು ಕಿಲೋಮೀಟರ್ ಆಸುಪಾಸು. ಎತ್ತರ ಮಾತ್ರ ಸಮುದ್ರ ಮಟ್ಟದಿಂದ ಸುಮಾರು 600 ಮೀಟರಿಗೆ ಏರುತ್ತದೆ. ಮಳೆ ಬಿಟ್ಟ ಮೇಲೆ ಘಟ್ಟದ ಮೇಲಿನ ರಾತ್ರಿ ತಂಪು, ಬೆಳಗಿನ ಇಬ್ಬನಿ ಎಲೆ ಮೇಲೆ ಹೊತ್ತು ಏರುವ ತನಕ ಕೂತಿರುತ್ತದೆ. ಬೆಂಕಿ ರೋಗಕ್ಕೆ ಬೇಕಾದದ್ದು ಇದೇ. ಎಲೆ ಮೇಲೆ ಎರಡೂ ತುದಿ ಚೂಪಾದ, ನಡುವೆ ಬೂದಿ ಬಣ್ಣದ, ಅಂಚು ಕಂದಾದ ಚುಕ್ಕೆ ಕಂಡರೆ ಅದೇ. ಯೂರಿಯಾ ಜಾಸ್ತಿ ಬಿದ್ದ ಗದ್ದೆಯಲ್ಲಿ ಇನ್ನೂ ಜೋರು.

ಬಿಸಿಲಿನ ಬಯಲುಸೀಮೆಯಲ್ಲಿ ಅಥವಾ ರೋಗ ಬಾರದ ವರ್ಷದಲ್ಲಿ ಆರಿಸಿದ ಸಾಲಿಗೆ ಬೆಂಕಿ ರೋಗ ತಡೆಯುವ ಶಕ್ತಿ ಇದೆಯೋ ಇಲ್ಲವೋ ಯಾರಿಗೂ ಗೊತ್ತಿರುವುದಿಲ್ಲ. ಅಲ್ಲಿ ಕಾಳು ಹೆಚ್ಚು ಕೊಟ್ಟದ್ದೇ ಆಯ್ಕೆಯಾಗಿರುತ್ತದೆ. ಶಿರಸಿ ಗದ್ದೆಯಲ್ಲಿ ಅದೇ ಸಾಲಿನ ಕುತ್ತಿಗೆ ಕಪ್ಪಾಗುತ್ತದೆ. ರೋಗ ಪರೀಕ್ಷೆ ಮಾಡುವ ಕೇಂದ್ರಗಳಲ್ಲಿ ಎಚ್‌ಆರ್ 12 ಎಂಬ ಬೇಗ ರೋಗ ಹಿಡಿಯುವ ತಳಿಯನ್ನು ಸಾಲುಗಳ ಸುತ್ತ ಬೇಕೆಂದೇ ನೆಡುವುದು ಇದಕ್ಕೇ. ಅದಕ್ಕೆ ರೋಗ ಬಂದರೆ ಮಾತ್ರ ಉಳಿದವುಗಳ ಅಂಕ ಬರೆಯುತ್ತಾರೆ. ಉಪ್ಪಿಗೆ ಹೇಳಿದ ಉಪಾಯವೇ ಇದು, ಬೇರೆ ವೇಷದಲ್ಲಿ. ಊರಲ್ಲಿ ಬೆಂಕಿ ರೋಗಕ್ಕೆ ಮೊದಲು ಬೀಳುವ ತಳಿ ಯಾವುದು ಅಂತ ಹಿರಿಯರಿಗೆ ಗೊತ್ತಿರುತ್ತದೆ. ಒಂದು ಮುಷ್ಟಿ ಬೀಜ ಕೇಳಿ ತಂದು ಸುತ್ತ ನೆಡಿ. ಆರಿಸುವ ಗದ್ದೆಗೆ ಮಾತ್ರ ರೋಗದ ಔಷಧಿ ಹೊಡೆಯಬೇಡಿ. ಹೊಡೆದರೆ ನೀವು ಆರಿಸುತ್ತಿರುವುದು ಔಷಧಿ ಹೊಡೆದ ಕೈಯನ್ನು.

ಘಟ್ಟದ ಮೇಲೂ ಒಂದೇ ಥರ ಇಲ್ಲ. ಶಿರಸಿ, ಸಿದ್ದಾಪುರದ ಮಳೆ ಬೇರೆ, ಮುಂಡಗೋಡ, ಹಳಿಯಾಳದ ಮಳೆ ಬೇರೆ. ಎತ್ತರದ, ಮಳೆ ನಂಬಿದ ಮಕ್ಕಿ ಗದ್ದೆ ಸೆಪ್ಟೆಂಬರ್‌ನಲ್ಲಿ ಹತ್ತು ದಿನ ಮಳೆ ಹೋದರೆ ಬಿರುಕು ಬಿಡುತ್ತದೆ, ಕೆಳಗಿನ ಬಯಲಿನಲ್ಲಿ ಆಗಲೂ ನೀರು. ಒಂದೇ ಮನೆಯ ಎರಡು ಗದ್ದೆಗೆ ಎರಡು ತಳಿ ಬೇಕಾಗುವುದು ನಮ್ಮಲ್ಲಿ ಹಳೇ ವ್ಯವಹಾರ.

ಬೇಸಿಗೆಯಲ್ಲಿ ಆರಿಸಿ, ಮಳೆಗಾಲಕ್ಕೆ ಹಾಕಿದರೆ

ವರ್ಷಕ್ಕೆ ಎರಡು ತಲೆಮಾರು ತೆಗೆಯಬಹುದು ಅಂತ ಬೇಸಿಗೆ ಬೆಳೆಯಲ್ಲೂ ಸಾಲು ಬೆಳೆಸುತ್ತಾರೆ. ತಪ್ಪಲ್ಲ. ಆದರೆ ನಮ್ಮ ಹಳೆಯ ಮಳೆಗಾಲದ ತಳಿಗಳಲ್ಲಿ ಹಲವು ಹಗಲಿನ ಉದ್ದ ನೋಡಿ ಹೂ ಬಿಡುವಂಥವು. ಕಾರವಾರದ ಅಕ್ಷಾಂಶದಲ್ಲಿ ಜೂನ್ ಹಗಲು ಸುಮಾರು 13 ಗಂಟೆ, ಡಿಸೆಂಬರ್ ಹಗಲು 11 ಗಂಟೆ ಚಿಲ್ಲರೆ. ವ್ಯತ್ಯಾಸ ಎರಡು ಗಂಟೆಯೂ ಇಲ್ಲ, ಆದರೆ ಭತ್ತಕ್ಕೆ ಅಷ್ಟು ಸಾಕು. ಹಗಲು ಗಿಡ್ಡವಾಗುತ್ತಾ ಬಂದಾಗ ಅವು ಹೊಡೆ ಕಟ್ಟುತ್ತವೆ. ಜೂನ್‌ನಲ್ಲಿ ಬಿತ್ತಿದರೂ, ಜುಲೈಯಲ್ಲಿ ಬಿತ್ತಿದರೂ ತೆನೆ ಹೊರಬರುವ ದಿನದಲ್ಲಿ ಅಷ್ಟು ವ್ಯತ್ಯಾಸ ಇರುವುದಿಲ್ಲ. ಜನವರಿಯಲ್ಲಿ ಬಿತ್ತಿದರೆ ಹಗಲು ಉದ್ದವಾಗುತ್ತಾ ಹೋಗುವುದರಿಂದ ಹಸಿರು ಹುಲ್ಲಾಗಿ ನಿಂತುಬಿಡಬಹುದು. ಬೇಸಿಗೆಯಲ್ಲಿ ಆರಿಸುವವರು ಅವನ್ನು "ತೆನೆ ಬರದ್ದು" ಅಂತ ಕಿತ್ತು ಹಾಕುತ್ತಾರೆ. ಉಳಿಯುವುದು ದಿನ ಎಣಿಸಿ ಹೂ ಬಿಡುವ ಗಿಡಗಳು ಮಾತ್ರ. ಅವನ್ನು ಮಳೆಗಾಲದಲ್ಲಿ ಬೇಗ ಬಿತ್ತಿದರೆ ಮಳೆ ಹೊಯ್ಯುತ್ತಿರುವಾಗಲೇ ತೆನೆ ಹೊರಬಂದು, ಹೂ ತೊಳೆದು, ಕಾಳು ಗದ್ದೆಯಲ್ಲೇ ಮೊಳೆಯುತ್ತದೆ.

ಗೋಧಿ ತಳಿ ವಿಜ್ಞಾನಿ ಬೋರ್ಲಾಗ್ ಮೆಕ್ಸಿಕೋದಲ್ಲಿ ಗೋಧಿಯನ್ನು ಒಂದು ಹಂಗಾಮು ಸೊನೋರಾದಲ್ಲಿ, ಇನ್ನೊಂದು ಹಂಗಾಮು ಎತ್ತರದ ತೊಲೂಕಾದಲ್ಲಿ ಬೆಳೆಸಿದಾಗ ಆದದ್ದೂ ಇದೇ, ಹಗಲಿನ ಉದ್ದಕ್ಕೆ ಕೇರ್ ಮಾಡದ ಗೋಧಿ ಸಿಕ್ಕಿತು. ಅವರಿಗೆ ಅದು ವರವಾಯಿತು, ಎಲ್ಲಾ ದೇಶಕ್ಕೂ ಹೊಂದಿತು. ಗಜನಿಯವರಿಗೆ ಹಾಗಲ್ಲ. ಮಳೆ ಎಂದು ಶುರುವಾದರೂ ಸರಿಯಾದ ಹೊತ್ತಿಗೆ ತೆನೆ ಬಿಡುವ ಗುಣವೇ ಇಲ್ಲಿ ಆಸ್ತಿ.

ಪತ್ತೆ ಸುಲಭ. ಅದೇ ಬೀಜವನ್ನು ಮಳೆಗಾಲದಲ್ಲಿ ಇಪ್ಪತ್ತು ದಿನ ಅಂತರದಲ್ಲಿ ಎರಡು ಸಲ ಬಿತ್ತಿ. ತೆನೆ ಹೊರಬರುವುದೂ ಹೆಚ್ಚು ಕಡಿಮೆ ಇಪ್ಪತ್ತು ದಿನದ ಅಂತರದಲ್ಲೇ ಆದರೆ ಅದು ದಿನ ಎಣಿಸುವ ಗಿಡ. ಅಂತರ ತೀರಾ ಕಡಿಮೆಯಾದರೆ ಹಗಲು ನೋಡುವ ಗಿಡ. ಬೇಸಿಗೆಯಲ್ಲಿ ಹೂ ಬಿಡುವಾಗ 35 ಡಿಗ್ರಿ ದಾಟಿದ್ದರೆ ಪರಾಗ ಕೆಟ್ಟು ಜೊಳ್ಳಾಗಿರಬಹುದು, ಆ ಜೊಳ್ಳನ್ನು ಮಳೆಗಾಲದ ತಳಿಯ ಲೆಕ್ಕಕ್ಕೆ ಹಾಕಬೇಡಿ.

ಕೆಂಪು ನೀರಿನ ಗದ್ದೆ

ಜಂಬಿಟ್ಟಿಗೆ ಗುಡ್ಡದ ಬುಡದ ಗದ್ದೆಗಳಲ್ಲಿ ನೀರಿನ ಮೇಲೆ ಎಣ್ಣೆಯಂಥ ಕೆಂಪು ಪೊರೆ ಕಾಣುತ್ತದೆ. ಕಬ್ಬಿಣದ ಅಂಶ ಹೆಚ್ಚಾದ ಗುರುತು. ಗಿಡದ ಕೆಳಗಿನ ಎಲೆಗಳ ತುದಿಯಿಂದ ಸಣ್ಣ ಕಂದು ಚುಕ್ಕೆ ಶುರುವಾಗಿ ಎಲೆಯೆಲ್ಲ ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ಒಂದು ಬುಡ ಕಿತ್ತು ಬೇರು ತೊಳೆದು ನೋಡಿ. ಬಿಳಿ ಬೇರು ಕಡಿಮೆಯಾಗಿ, ತೊಳೆದರೂ ಹೋಗದ ಕೆಂಗಂದು ಲೇಪ ಇರುತ್ತದೆ. ಸತುವಿನ ಕೊರತೆಯಲ್ಲೂ ಕೆಳ ಎಲೆಯಲ್ಲಿ ತುಕ್ಕು ಚುಕ್ಕೆ ಬರುವುದರಿಂದ ಜನ ಮೋಸ ಹೋಗುತ್ತಾರೆ. ಸತುವಿನ ಕೊರತೆಯಲ್ಲಿ ಎಳೆಯ ಎಲೆಯ ನಡುನರ ಬುಡದ ಹತ್ತಿರ ಬಿಳಿಚಿರುತ್ತದೆ. ಕಬ್ಬಿಣದಲ್ಲಿ ಹಾಗಿಲ್ಲ.

ಇಂಥ ಗದ್ದೆಯಲ್ಲಿ ಹಸಿರಾಗಿ ನಿಂತ ಒಂದೊಂದು ಬುಡ ನಿಜವಾಗಿ ಬೆಲೆಯುಳ್ಳದ್ದಿರಬಹುದು. ಆದರೆ ಅದು ನೀರು ಹರಿಯುವ ಕಂಡಿಯ ಹತ್ತಿರ ಇದೆಯಾ ನೋಡಿ. ಅಲ್ಲಿ ಕಬ್ಬಿಣ ತೊಳೆದು ಹೋಗಿರುತ್ತದೆ. ಪೊಟ್ಯಾಷ್ ಕಡಿಮೆಯಿರುವ ಕಡೆ ತೊಂದರೆ ಹೆಚ್ಚು, ಬೂದಿ ಬಿದ್ದ ಕಡೆ ಗಿಡ ಚೇತರಿಸಿಕೊಂಡಿರುತ್ತದೆ.

ನೆಟ್ಟ ರೀತಿ, ಪಕ್ಕದ ಗಿಡ

ಸಾಲು ಆರಿಸುವವರು ಒಂದೊಂದೇ ಅಗೆಯನ್ನು ಅಗಲ ಅಂತರದಲ್ಲಿ ನೆಡುತ್ತಾರೆ, ಗಿಡ ಗುರುತಿಸಲು ಅನುಕೂಲ ಅಂತ. ಆಗ ತೆಂಡೆ ಜಾಸ್ತಿ ಒಡೆಯುವ ಗಿಡ ರಾಜ. ಕಗ್ಗದ ಗದ್ದೆಯಲ್ಲಿ ಬೀಜ ಚೆಲ್ಲುತ್ತಾರೆ. ಅಲ್ಲಿ ತೆಂಡೆಗೆ ಜಾಗವೇ ಇಲ್ಲ, ಒಂದೊಂದು ಗಿಡ ಎಷ್ಟು ದೊಡ್ಡ ತೆನೆ ಕೊಡುತ್ತದೆ ಅನ್ನುವುದರ ಮೇಲೆ ಲೆಕ್ಕ. ಬೆರಕೆ ಗುಂಪಿನಲ್ಲಿ ಎತ್ತರದ ಗಿಡ ಗಿಡ್ಡದ್ದಕ್ಕೆ ನೆರಳು ಹಾಕಿ ಗೆಲ್ಲುತ್ತದೆ. ಗೆದ್ದದ್ದನ್ನೇ ಒಂಟಿಯಾಗಿ ಇಡೀ ಗದ್ದೆಗೆ ಹಾಕಿದರೆ ಇಳುವರಿ ಕಡಿಮೆ ಬರಬಹುದು. ಫಿಲಿಪೈನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಜೆನ್ನಿಂಗ್ಸ್ ಮತ್ತು ಡಿ ಜೀಸಸ್ 1968ರಲ್ಲಿ ಇದನ್ನೇ ಕಂಡರು. ಬೆರಕೆಯಲ್ಲಿ ಸೋತು ಮಾಯವಾದ ಗಿಡ್ಡ ತಳಿಗಳೇ ಒಂಟಿಯಾಗಿ ಬೆಳೆದಾಗ ಹೆಚ್ಚು ಕೊಡುತ್ತಿದ್ದವು. ಗೊಬ್ಬರದ ವಿಷಯವೂ ಹೀಗೇ. ಯಾವ ಗೊಬ್ಬರದ ಮಟ್ಟದಲ್ಲಿ ಬೆಳೆಯುತ್ತೀರೋ ಅದೇ ಮಟ್ಟದಲ್ಲಿ ಆರಿಸಿ.

ಒಂದೇ ತೆನೆಯ ಮಕ್ಕಳು ಹತ್ತು ಥರ ಬಂದರೆ

ಇದು ವಾತಾವರಣದ ದೋಷ ಅಲ್ಲ. ಅಡ್ಡತಳಿಯ ಎರಡನೇ ಮೂರನೇ ತಲೆಮಾರಿನಲ್ಲಿ ಆರಿಸಿದ್ದೀರಿ, ಇಲ್ಲಾ ಕಾಡುಭತ್ತದ ಜೊತೆ ಕೂಡಿಕೊಂಡಿದೆ. ಸ್ವಪರಾಗದಲ್ಲಿ ಮಿಶ್ರ ಅಂಶ ಪ್ರತಿ ತಲೆಮಾರಿಗೂ ಅರ್ಧಕ್ಕೆ ಇಳಿಯುತ್ತದೆ. ಎರಡನೇ ತಲೆಮಾರಿನಲ್ಲಿ ಅರ್ಧ, ಆರನೆಯದರಲ್ಲಿ ಮೂವತ್ತೆರಡರಲ್ಲಿ ಒಂದು ಪಾಲು. ಆದ್ದರಿಂದ ಮೊದಲ ತಲೆಮಾರುಗಳಲ್ಲಿ ಹೂವಿನ ದಿನ, ಎತ್ತರ, ರೋಗ ಇಂಥ ಗಟ್ಟಿ ಗುಣ ಮಾತ್ರ ನೋಡಿ, ಇಳುವರಿ ತೂಗುವುದನ್ನು ಐದು ಆರನೇ ತಲೆಮಾರಿಗೆ ಬಿಡಿ.

ತಕ್ಕಡಿಯೂ ಸುಳ್ಳು ಹೇಳುತ್ತದೆ

ಅಕ್ಟೋಬರ್‌ನಲ್ಲಿ ಕೊಯ್ದ ಭತ್ತ ಕರಾವಳಿಯಲ್ಲಿ ಒಣಗುವುದೇ ಕಷ್ಟ. 22 ಶೇಕಡ ತೇವ ಇರುವ 1 ಕಿಲೋ ಭತ್ತವನ್ನು 14 ಶೇಕಡಕ್ಕೆ ಒಣಗಿಸಿದರೆ ಸುಮಾರು 907 ಗ್ರಾಂ. ಬೇಗ ಬಂದ ಸಾಲನ್ನು ಒಣಗಿಸಿ ತೂಗಿ, ತಡವಾಗಿ ಬಂದದ್ದನ್ನು ಹಸಿಯಲ್ಲೇ ತೂಗಿದರೆ ತಡವಾದದ್ದು ಸುಮ್ನೆ ನೂರಕ್ಕೆ ಹತ್ತರಷ್ಟು ಗೆದ್ದುಬಿಡುತ್ತದೆ. ಎಲ್ಲವನ್ನೂ ಒಂದೇ ತೇವಕ್ಕೆ ತಂದು ತೂಗಿ. ಬೀಜದ ಚೀಲವೂ ಅಷ್ಟೇ. ಮಳೆಗಾಲದ ಥಂಡಿಯಲ್ಲಿ ಇಟ್ಟ ಬೀಜದ ಅಗೆ ಬಡವಾಗಿರುತ್ತದೆ, ಅಟ್ಟದ ಮೇಲೆ ಬೆಚ್ಚಗಿದ್ದ ಬೀಜದ ಅಗೆ ಜೋರಾಗಿರುತ್ತದೆ. ಹೋಲಿಸುವ ಬೀಜಗಳನ್ನು ಒಂದೇ ಕಡೆ ಇಡಿ.

ಇಷ್ಟೆಲ್ಲ ನೋಡಿದ ಮೇಲೂ ಎರಡು ಕಡೆ ಎರಡು ಥರ ಬಂದರೆ

ಮೂರು ಕಡೆ ನೆಟ್ಟು, ಅಂಚು ಬಿಟ್ಟು, ಸಾಯುವ ತಳಿ ಸತ್ತದ್ದನ್ನು ನೋಡಿ, ಒಂದೇ ತೇವಕ್ಕೆ ತೂಗಿದ ಮೇಲೂ ಕುಮಟಾದಲ್ಲಿ ಮೊದಲು ಬಂದ ಸಾಲು ಶಿರಸಿಯಲ್ಲಿ ಕೊನೆಗೆ ಬಂತು ಅನ್ನಿ. ಹಾಗಾದರೆ ಎಲ್ಲೂ ತಪ್ಪಾಗಿಲ್ಲ. ತಳಿ ಮತ್ತು ಜಾಗ ಒಂದಕ್ಕೊಂದು ಹೊಂದಿಕೊಳ್ಳುವ ರೀತಿಯೇ ಅದು. ಅಖಿಲ ಭಾರತ ಭತ್ತ ಸುಧಾರಣಾ ಯೋಜನೆ 1965ರಲ್ಲಿ ಶುರುವಾದಾಗಿನಿಂದ ಒಂದೇ ಸಾಲನ್ನು ಹಲವು ರಾಜ್ಯಗಳಲ್ಲಿ ನೆಟ್ಟು ನೋಡುವುದು ಈ ಕಾರಣಕ್ಕೇ. ಸರಾಸರಿ ತೆಗೆದು ಎರಡಕ್ಕೂ ಒಂದನ್ನೇ ಒತ್ತಾಯ ಮಾಡಬೇಡಿ. ಸರಾಸರಿಯಲ್ಲಿ ಗೆದ್ದದ್ದು ಎರಡೂ ಕಡೆ ಎರಡನೇ ಸ್ಥಾನದಲ್ಲಿರುವ ಸಾಲು ಆಗಿರಬಹುದು. ಗಜನಿಗೆ ಒಂದು, ಮಕ್ಕಿಗೆ ಒಂದು ಅಂತ ಬೇರೆ ಬೇರೆ ಇಟ್ಟುಕೊಳ್ಳಿ.

ಇಡುವಾಗ ಚೀಲದೊಳಗೆ ಒಂದು ಚೀಟಿ ಹಾಕಿ. ತಳಿಯ ಹೆಸರು ಎಲ್ಲರೂ ಬರೆಯುತ್ತಾರೆ. ಅದರ ಜೊತೆ ಯಾವ ಗದ್ದೆ, ಗದ್ದೆಯ ಯಾವ ಬದಿ, ಯಾವ ತಿಂಗಳು ಬಿತ್ತಿದ್ದು, ನೀರು ಎಷ್ಟು ದಿನ ನಿಂತಿತ್ತು, ಪಕ್ಕದ ಬಯಲು ತಳಿ ಸತ್ತಿತ್ತೋ ಬದುಕಿತ್ತೋ ಅಂತ ಬರೆಯಿರಿ. ಪೆನ್ಸಿಲ್‌ನಲ್ಲಿ ಬರೆಯಿರಿ, ಪೆನ್ನಿನ ಶಾಯಿ ಮಳೆಗಾಲದ ಥಂಡಿಗೆ ಹರಡಿಬಿಡುತ್ತದೆ.